ಎಡಗಾಲಿನ ಬೂಟು

ದೊಡವಾಡ
11 ಆಗಸ್ಟ್ 2024

ಅವ್ವಾ,

ನಿನ್ನೆ ಫೋನಿನಲ್ಲಿ ಎಲ್ಲರೂ ಆರಾಮ ಇದ್ದೇವೆ ಎಂದು ಹೇಳಿದೆನಲ್ಲ, ಅದು ಪೂರ್ತಿ ನಿಜವಲ್ಲ. ಅತ್ತೆಯವರು ಪಕ್ಕದಲ್ಲೇ ಕುಳಿತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಈ ಮನೆಯ ಎರಡು ಕೋಣೆಗಳ ನಡುವೆ ಇರುವುದು ತಗಡಿನ ಮರೆ. ಈಚೆ ಉಸಿರು ಬಿಟ್ಟರೆ ಆಚೆ ಕೇಳುತ್ತದೆ. ಶಾಲೆಯಿಂದ ಮಾತಾಡೋಣವೆಂದರೆ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕಿವಿ ಇದೆ. ನಿನ್ನದು ಬಟನ್ ಫೋನು, ಮೆಸೇಜು ಕಳಿಸುವ ಹಾಗಿಲ್ಲ. ಅದಕ್ಕೆ ಈ ಕಾಗದ. ನೀನೂ ಬರೆ, ಆದರೆ ಮನೆಗೆ ಬೇಡ. ಶಾಲೆಯ ವಿಳಾಸ ಹಿಂದಿನ ಮಗ್ಗುಲಿಗೆ ಬರೆದಿದ್ದೇನೆ.

ನಿನ್ನ ಮೊಮ್ಮಗ ಬಾಳುವಿನ ವಿಷಯ. ಮೊದಲಿನಿಂದ ಬರೆಯುತ್ತೇನೆ, ನಿನ್ನ ಆಸ್ಪತ್ರೆಯ ಡಾಕ್ಟರರನ್ನು ಕೇಳಲು ಬೇಕಾಗುತ್ತದೆ. ಹುಟ್ಟುವಾಗಲೇ ಒಳಕ್ಕೆ ತಿರುಚಿದ್ದ ಎಡಪಾದವನ್ನು ವಾರವಾರ ಪ್ಲಾಸ್ಟರ್ ಹಾಕಿ ನೆಟ್ಟಗೆ ಮಾಡಿದರು. ಅದು ಮತ್ತೆ ತಿರುಗದಿರಲೆಂದು ಬೂಟು ಕೊಟ್ಟರು. ಎರಡು ಬೂಟು, ನಡುವೆ ಒಂದು ಅಲ್ಯುಮಿನಿಯಂ ಸರಳು, ಪಾದಗಳು ಹೊರಕ್ಕೆ ತಿರುಗಿ ನಿಲ್ಲುವಂತೆ ಕೆಳಗೆ ಸ್ಕ್ರೂ. ಮಲಗಿದಾಗಲೆಲ್ಲ ಹಾಕಬೇಕು, ನಾಲ್ಕು ವರ್ಷ ತುಂಬುವ ತನಕ. ಬಿಟ್ಟರೆ ಪಾದ ಹಿಂದಿನ ಸ್ಥಿತಿಗೆ ಹೋಗುತ್ತದೆ.

ಹಳೆಯ ಜೋಡಿ ಸಣ್ಣದಾಯಿತೆಂದು ಕಳೆದ ತಿಂಗಳು ಸವದತ್ತಿಯ ಶಿಬಿರದಲ್ಲಿ ಸ್ನೇಹಲ್ ಮೇಡಂ ಹೊಸದನ್ನು ಕೊಟ್ಟರು. ಬೈಲಹೊಂಗಲದ ಕ್ಲಿನಿಕ್ಕಿನಲ್ಲಿ ಬೂಟು, ಕಾಲಿನ ಆಸರೆಯ ಕ್ಯಾಲಿಪರ್, ಬೆನ್ನಿನ ಪಟ್ಟಿ ಎಲ್ಲವನ್ನೂ ಆಯಾ ರೋಗಿಯ ಅಳತೆಗೆ ಮಾಡಿಕೊಡುವವರು ಅವರೇ. ಆರ್ಥೋಟಿಸ್ಟ್ ಎನ್ನುತ್ತಾರೆ. ಕಾಗದದ ಮೇಲೆ ಬಾಳುವಿನ ಪಾದ ಇಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆದಿದ್ದರು. ಅವನು ಪೆನ್ಸಿಲನ್ನೇ ಬಾಯಿಗಿಟ್ಟುಕೊಂಡಿದ್ದ.

ಹಳೆಯ ಬೂಟಿಗೆ ಅವನು ಅಳುತ್ತಿರಲಿಲ್ಲ. ಹೊಸದನ್ನು ಕಂಡರೆ ಕಾಲು ಮಡಚಿಕೊಳ್ಳುತ್ತಾನೆ. ರಾತ್ರಿಯದು ನನ್ನ ಪಾಳಿ, ಅತ್ತು ಅತ್ತು ಸುಸ್ತಾಗಿ ನಿದ್ದೆ ಹೋಗುತ್ತಾನೆ. ಮಧ್ಯಾಹ್ನ ನಾನು ಶಾಲೆಯಲ್ಲಿರುತ್ತೇನೆ, ಅತ್ತೆಯವರು ಹಾಕುತ್ತಾರೆ. ಅವರ ಹತ್ತಿರ ಅವನು ಅಳುವುದೇ ಇಲ್ಲವಂತೆ. ಅದು ಹೇಗೆ ಸಾಧ್ಯ ಎಂದು ನನಗೆ ತಿಳಿಯದು. ಮೊನ್ನೆ ಪಕ್ಕದ ಮನೆಯ ತಾಯವ್ವ ಏನೂ ಅರಿಯದವಳಂತೆ, "ನಿಮ್ಮ ಕೂಸು ನಿನ್ನೆ ಮಧ್ಯಾಹ್ನ ಒಂದೊಂದ ಕಾಲು ಝಾಡಿಸ್ಕೋತ ಮಲಗಿತ್ತವಾ, ನೋಡಾಕ ಭಾಳ ಚಂದ" ಎಂದಳು. ಬೂಟು ಹಾಕಿದ ಕೂಸು ಒಂದೊಂದೇ ಕಾಲು ಝಾಡಿಸಲಾರದು. ನಡುವೆ ಸರಳು ಇರುತ್ತದಲ್ಲ.

ಅತ್ತೆಯವರು ಒಮ್ಮೆ, "ಈ ಬೂಟು ಕೂಸಿಗೆ ಒಗ್ಗವಲ್ದು. ಹಳೇದ ಛಲೋ ಇತ್ತು" ಎಂದಿದ್ದರು. "ಮೇಡಮ್ಮಾರಕಿಂತ ನಿಮಗ ಹೆಚ್ಚಿಗಿ ತಿಳಿತೈತೇನ್ರಿ?" ಎಂದುಬಿಟ್ಟೆ. ಅವರು ಎಮ್ಮೆ ಹಿಂಡಲು ಎದ್ದು ಹೋದರು.

ಇವರಿಗೆ ಏನೂ ಹೇಳಿಲ್ಲ. ಡಿಪೋದಲ್ಲಿ ಕಂಡಕ್ಟರುಗಳು ಕಡಿಮೆ, ಮನೆಗೆ ಬಂದರೆ ಉಂಡು ಮಲಗುವಷ್ಟೇ ಹೊತ್ತು. ನನ್ನದೇ ತಲೆ ಕೆಟ್ಟಿದೆಯೋ ಏನೋ. ನೀನು ಬರೆ.

ನಿನ್ನ
ಪೂನಮ್


ರಾಮದುರ್ಗ
19 ಆಗಸ್ಟ್ 2024

ಮಗಳಿಗೆ ಆಶೀರ್ವಾದ.

ನಿನ್ನ ತಲೆ ಕೆಟ್ಟಿಲ್ಲ. ತಾಯಿಗೆ ಬರುವ ಅನುಮಾನ ಸುಮ್ಮನೆ ಬರುವುದಿಲ್ಲ.

ಹೆರಿಗೆ ಆಸ್ಪತ್ರೆಯಲ್ಲಿ ಆಯಾ ಆಗಿ ಎಷ್ಟು ಅತ್ತೆಯಂದಿರನ್ನು ನೋಡಿದ್ದೇನೆ. ಡಾಕ್ಟರು ಕೊಟ್ಟ ಕಬ್ಬಿಣದ ಗುಳಿಗೆಯನ್ನು, ಕೂಸು ಕಪ್ಪಾಗುತ್ತದೆಂದು ಗಟಾರಿಗೆ ಚೆಲ್ಲುತ್ತಾರೆ. ಕೇಳಿದರೆ "ಆಕೀನ ನುಂಗ್ಯಾಳ್ರಿ" ಎನ್ನುತ್ತಾರೆ. ಅವರಾರೂ ಕೆಟ್ಟವರಲ್ಲ. ಪ್ರೀತಿಯಿಂದಲೇ ಕೆಡಿಸುತ್ತಾರೆ, ಅದಕ್ಕೇ ಹಿಡಿಯುವುದು ಕಷ್ಟ. ಮೊಮ್ಮಗ ಅತ್ತರೆ ನಿನ್ನತ್ತೆ ಕೃಷ್ಣವ್ವನ ಕರುಳು ಕಿತ್ತು ಬರುತ್ತದೆ, ಬೂಟು ಕಿತ್ತು ಮೂಲೆಗೆ ಎಸೆಯುತ್ತಾಳೆ, ನೀನು ಬರುವ ಹೊತ್ತಿಗೆ ಮತ್ತೆ ಸಿಕ್ಕಿಸುತ್ತಾಳೆ. ನನಗಂತೂ ಕಣ್ಣಿಗೆ ಕಟ್ಟಿದ ಹಾಗಿದೆ.

ಡಾಕ್ಟರರನ್ನು ಕೇಳಿದೆ. ಬೂಟು ತಪ್ಪಿಸಿದರೆ ಪಾದ ತಿರುಗಿಯೇ ತಿರುಗುತ್ತದೆ ಎಂದರು. ಬೂಟಿನ ಒಳಗೆ ಮೂಸಿ ನೋಡು. ಎಣ್ಣೆಯ ವಾಸನೆ ಬಂದರೆ ಯಾರ ಕೈಯಲ್ಲೋ ಕಾಲು ತಿಕ್ಕಿಸುತ್ತಿದ್ದಾಳೆಂದು ತಿಳಿ.

ಮುಖದಲ್ಲಿ ಏನೂ ತೋರಿಸಬೇಡ. ಸುಮ್ಮನೆ ನೋಡುತ್ತ ಇರು.

ನಿನ್ನ ಅವ್ವ
ಭಾಗೀರಥಿ


ದೊಡವಾಡ
8 ಸೆಪ್ಟೆಂಬರ್ 2024

ಅವ್ವಾ,

ಎಣ್ಣೆಯ ವಾಸನೆ ಇತ್ತು. ಎಡ ಬೂಟಿನಲ್ಲಿ, ಹಿಮ್ಮಡಿ ಇರುವ ಜಾಗದಲ್ಲಿ. ಬೂಟಿನ ಮೇಲಿನ ಚರ್ಮದ ಪಟ್ಟಿಯೂ ನಾನು ಬಿಗಿಯುವ ತೂತಿನಲ್ಲಿರಲಿಲ್ಲ, ಒಂದು ತೂತು ಸಡಿಲವಾಗಿತ್ತು.

ಮಂಗಳವಾರ ಬಾಳುವನ್ನು ಬೈಲಹೊಂಗಲಕ್ಕೆ ತೋರಿಸಲು ಒಯ್ದೆವು, ನಾನು ಮತ್ತು ಅತ್ತೆಯವರು. ಸ್ನೇಹಲ್ ಮೇಡಮ್ಮರ ಕೋಣೆ ನೀನು ನೋಡಿಲ್ಲ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಪ್ಲಾಸ್ಟರಿನಲ್ಲಿ ಎರಕ ಹೊಯ್ದ ಕಾಲುಗಳು, ಬೆನ್ನುಗಳು. ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಹಾಳೆ ಕಾಯಿಸುವ ಭಟ್ಟಿ. ಮೇಡಂ ನನಗಿಂತ ಸ್ವಲ್ಪ ದೊಡ್ಡವರಷ್ಟೇ, ಕೈ ಮಾತ್ರ ಒರಟು. ಬಾಳುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಎಡಪಾದವನ್ನು ಹಿಡಿದು ಹೊರಕ್ಕೆ ತಿರುಗಿಸಿದರು. ಅರ್ಧಕ್ಕೇ ನಿಂತಿತು. ಇನ್ನೊಮ್ಮೆ ತಿರುಗಿಸಿದರು.

"ಮಧ್ಯಾಹ್ನ ಬೂಟು ಯಾರು ಹಾಕ್ತೀರಿ?"

"ನಾನ್ರಿ" ಎಂದರು ಅತ್ತೆಯವರು.

"ದಿನಾ ಹಾಕ್ತೀರಿ?"

ಅತ್ತೆಯವರು ತಕ್ಷಣ ಉತ್ತರ ಕೊಡಲಿಲ್ಲ. ಅದನ್ನು ನಾನೂ ಗಮನಿಸಿದೆ, ಮೇಡಮ್ಮರೂ ಗಮನಿಸಿದರು. "ದಿನಾ ಹಾಕ್ತೇನ್ರಿ" ಎಂದರು ಆಮೇಲೆ.

"ಖರೇ ಹೇಳ್ರಿ ಅಜ್ಜಿ, ನಾ ಸಿಟ್ಟಾಗೂದಿಲ್ಲ. ಪಾದ ಒಳಗ ಬರಾಕ ಹತ್ತೈತಿ. ಬೂಟು ಬರೋಬ್ಬರಿ ಹಾಕಿದ್ರ ಇಷ್ಟು ಲಗೂನ ಹಿಂಗ ಆಗೂದಿಲ್ಲ. ಬೂಟು ತೆಗೀರಿ, ನೋಡೂಣು."

ಚೀಲದಲ್ಲಿ ಬೂಟು ಇರಲಿಲ್ಲ. ಹಾಲಿನ ಬಾಟಲಿ, ದುಪಟಿ, ಬದಲಿ ಅಂಗಿ ಎಲ್ಲ ಇತ್ತು. ಚೀಲ ತುಂಬಿದವರು ಅತ್ತೆಯವರು. "ಮರತ್ನೆರಿ" ಎಂದರು, ಅಷ್ಟೇ. ಬೂಟಿಗಾಗಿಯೇ ಹೋದವರು ಬೂಟನ್ನೇ ಮರೆಯುತ್ತಾರೆಯೇ? ಮೇಡಂ ನನ್ನ ಕಡೆ ನೋಡಿದರು. ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಅವರಿಗೂ ಗೊತ್ತಾಯಿತೆಂದು ಆ ನೋಟದಲ್ಲಿತ್ತು. ನಾಲ್ಕು ವಾರ ಬಿಟ್ಟು ಬನ್ನಿ, ಅಷ್ಟರಲ್ಲಿ ಸರಿಯಾಗದಿದ್ದರೆ ಮತ್ತೆ ಪ್ಲಾಸ್ಟರ್ ಎಂದರು. ಬಾಳು ಈಗ ಗೋಡೆ ಹಿಡಿದು ನಿಲ್ಲುವ ಹೊತ್ತು, ಅವ್ವಾ. ಮತ್ತೆ ಪ್ಲಾಸ್ಟರ್ ಎಂದರೆ ಏನೆಂದು ಯೋಚಿಸು.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆಯವರು, "ನಾಳಿ ಬೂಟು ಒಯ್ದು ತೋರಿಸ್ಕೊಂಡು ಬರೂಣೇನು?" ಎಂದರು. ನನಗೆ ರಜೆ ಇಲ್ಲ ಎಂದೆ. ರಜೆ ಕೇಳಿದ್ದರೆ ಸಿಗುತ್ತಿತ್ತು. ಅವರ ಜೊತೆ ಇನ್ನೊಮ್ಮೆ ಅಲ್ಲಿ ಹೋಗಿ ಕೂರುವ ಮನಸ್ಸಾಗಲಿಲ್ಲ.

ನಿನ್ನ
ಪೂನಮ್


ರಾಮದುರ್ಗ
15 ಸೆಪ್ಟೆಂಬರ್ 2024

ಮಗಳೇ,

ಇನ್ನು ಕಾಯುವುದರಲ್ಲಿ ಅರ್ಥವಿಲ್ಲ. ಬೂಟು ಬೇಕೆಂದೇ ಬಿಟ್ಟುಬಂದಿದ್ದಾಳೆ. ನಾಳೆ ಒಯ್ಯೋಣ ಎಂದದ್ದು ಬರೀ ಬಾಯಿಮಾತು, ನೀನು ಒಲ್ಲೆನ್ನುತ್ತೀ ಎಂದು ಗೊತ್ತಿದ್ದೇ ಹೇಳಿದ್ದು.

ಹೀಗೆ ಮಾಡು. ನಿನಗೆ ಶನಿವಾರ ಬೆಳಗಿನ ಶಾಲೆ. ಅಂದು ಮಧ್ಯಾಹ್ನ ನೀನೇ ಬೂಟು ಹಾಕು. ಪಟ್ಟಿಯ ಅಡಿಯಲ್ಲಿ, ಕಣ್ಣಿಗೆ ಬೀಳದ ಹಾಗೆ ಒಂದು ಕರಿ ದಾರ ಕಟ್ಟು. ಗಟ್ಟಿ ಬೇಡ, ಬಿಚ್ಚಿದರೆ ಹರಿಯುವಂಥದ್ದು. ಏನಾದರೂ ನೆವ ಹೇಳಿ ಹೊರಗೆ ಹೋಗು. ಬಂದು ನೋಡು. ಆಮೇಲೆ ಯಾರ ಮಾತೂ ಬೇಕಾಗುವುದಿಲ್ಲ, ದಾರವೇ ಹೇಳುತ್ತದೆ.

ಅಳಿಯಂದಿರು ಮನೆಯಲ್ಲಿರುವ ದಿನ ನೋಡಿ ಮಾಡು. ಅವರೂ ತಮ್ಮ ಕಣ್ಣಾರೆ ನೋಡಲಿ.

ಭಾಗೀರಥಿ


ದೊಡವಾಡ
30 ಸೆಪ್ಟೆಂಬರ್ 2024

ಅವ್ವಾ,

ನೀನು ಹೇಳಿದಂತೆ ಮಾಡಿದೆ.

ಶನಿವಾರ ಶಾಲೆಯಿಂದ ಬಂದು ಬಾಳುವಿಗೆ ಉಣಿಸಿ ಬೂಟು ಹಾಕಿದೆ. ಎಡ ಬೂಟಿನ ಪಟ್ಟಿಯ ಕೆಳಗೆ ದಾರ ಸುತ್ತಿದೆ. ಹಿಟ್ಟು ಬೀಸಿಸಿಕೊಂಡು ಬರುತ್ತೇನೆಂದು ಜೋಳದ ಡಬ್ಬಿ ಹೊತ್ತು ಹೊರಟೆ. ಇವರು ಒಳಗೆ ಮಲಗಿದ್ದರು. ತಿರುಗಿ ಬಂದಾಗ ಬಾಳು ಬೂಟು ಹಾಕಿಕೊಂಡೇ ನಿದ್ದೆ ಮಾಡುತ್ತಿದ್ದ. ಒಂದು ಕ್ಷಣ ನನಗೆ ನಾಚಿಕೆಯೂ ಆಯಿತು. ಬಗ್ಗಿ ಪಟ್ಟಿಯ ಕೆಳಗೆ ಬೆರಳು ಹಾಕಿದೆ. ದಾರವಿರಲಿಲ್ಲ.

"ಇದನ್ನ ಹುಡುಕ್ತೀಯೇನು?"

ಅತ್ತೆಯವರು ಹೊಸ್ತಿಲ ಮೇಲೆ ಕುಳಿತಿದ್ದರು. ಹರಿದ ದಾರ ಅವರ ಅಂಗೈಯಲ್ಲಿತ್ತು. ದನಿ ಏರಿಸಿರಲಿಲ್ಲ. ನಾನೇ ಏರಿಸಿದೆ. ಇವರು ಎದ್ದು ಬಂದರು. ಎಲ್ಲ ಹೇಳಿದೆ, ತಾಯವ್ವ ಕಂಡದ್ದು, ಎಣ್ಣೆ, ಸಡಿಲ ಪಟ್ಟಿ, ಮರೆತ ಬೂಟು.

"ತಗದಿ ಏನಬೇ?" ಎಂದು ಇವರು ಕೇಳಿದರು.

"ತಗದ್ನೆಪಾ" ಎಂದರು ಅತ್ತೆಯವರು. "ಕೂಸಿನ ಹಿಮ್ಮಡ..."

"ಇಷ್ಟು ದಿನಾ ಸುಳ್ಳು ಹೇಳ್ಕೋತ ಬಂದ್ರಿ. ನನ್ನ ಮಗನ ಕಾಲು ನಿಮ್ಮ ಕೈಯಾಗ ಹಾಳಾತು" ಎಂದೆ. ಅವರು ಮುಂದೆ ಏನೋ ಹೇಳಲಿದ್ದರು. ನಾನು ಹೇಳಗೊಡಲಿಲ್ಲ. ಇವರೂ ಗೋಡೆಗೆ ಒರಗಿ ನಿಂತಿದ್ದರೇ ಹೊರತು ಅವ್ವನ ಪರ ಒಂದು ಮಾತು ಆಡಲಿಲ್ಲ. ಅತ್ತೆಯವರು ನೋಡುತ್ತಿದ್ದದ್ದು ಅವರನ್ನೇ. ಕೊನೆಗೆ, "ಎಮ್ಮಿಗೆ ಸುದ್ದಾ ನಾ ಕಣ್ಣಿ ಸಡಲ ಬಿಟ್ಟು ಕಟ್ತೇನಿ. ನೀ ನನಗ ದಾರ ಕಟ್ಟಿದಿ" ಎಂದು ಎದ್ದು ಹೋದರು.

ಮರುದಿನ ಮೊದಲ ಬಸ್ಸಿಗೆ ಸವದತ್ತಿಗೆ ಹೊರಟುಹೋದರು, ತಂಗಿ ಮಹಾನಂದಾ ಚಿಗವ್ವನ ಮನೆಗೆ. ಎಮ್ಮೆಯನ್ನು ತಾಯವ್ವನಿಗೆ ಒಪ್ಪಿಸಿ, ಯಾವ ಹೊತ್ತಿಗೆ ಏನು ಹಾಕಬೇಕೆಂದು ಹೇಳಿ ಹೋಗಿದ್ದಾರೆ. ನನಗೆ ಏನೂ ಹೇಳಲಿಲ್ಲ.

ನನ್ನದೇ ನಿಜವಾಯಿತು. ಆದರೂ ಮನೆಯಲ್ಲಿ ಯಾರೂ ಗೆದ್ದ ಹಾಗಿಲ್ಲ.

ಪೂನಮ್


ಬೈಲಹೊಂಗಲ
14 ಅಕ್ಟೋಬರ್ 2024

ರಾಮದುರ್ಗದ ಅತ್ತೆಯವರಿಗೆ ಜೈಭೀಮ.

ನಾನು ಕಾಗದ ಬರೆಯುವವನಲ್ಲ. ಡಿಪೋದಲ್ಲಿ ಕುಳಿತು ಬರೆಯುತ್ತಿದ್ದೇನೆ. ಬಾಳುವಿನ ಕಾಲಿಗೆ ಮತ್ತೆ ಪ್ಲಾಸ್ಟರ್ ಬಿದ್ದಿದೆ, ತೊಡೆಯವರೆಗೆ. ದೊಡ್ಡ ಡಾಕ್ಟರು ಪಾದ ನೋಡಿದವರೇ ಹಾಕಿಬಿಟ್ಟರು, ಬೂಟು ಕೇಳಲೇ ಇಲ್ಲ. ವಾರಕ್ಕೊಮ್ಮೆ ಬದಲಾಯಿಸುತ್ತಾರೆ. ಪೂನಮ್ ಶಾಲೆ ಬಿಟ್ಟಿದ್ದಾಳೆ. ಅತಿಥಿ ಶಿಕ್ಷಕಿಗೆ ಇಷ್ಟು ದಿನದ ರಜೆ ಕೊಡುವುದಿಲ್ಲವಂತೆ. ಅವಳ ಜಾಗಕ್ಕೆ ಬೇರೆಯವರು ಬಂದಾಯಿತು.

ನಮ್ಮವ್ವನನ್ನು ಕರೆತರಲು ಹೋಗಿದ್ದೆ. "ಅಂದ ನಿನಗ ಬಾಯಿ ಬರಲಿಲ್ಲ, ಈಗ ಬಿಟ್ಟಿ ಬಸ್ ಸಿಗತೈತಂತ ಬಂದಿ" ಎಂದಳು. ಮತ್ತೆ ಕೇಳುವ ಮುಖ ನನಗಿಲ್ಲ.

ಪೂನಮ್ ಸರಿಯಾಗಿ ಊಟ ಮಾಡುತ್ತಿಲ್ಲ. ನೀವು ಒಂದು ತಿಂಗಳ ಮಟ್ಟಿಗೆ ಬಂದು ಅವಳ ಜೊತೆ ಇದ್ದರೆ ಅನುಕೂಲ. ನಾನೇ ಬಂದು ಕರೆದೊಯ್ಯುತ್ತೇನೆ.

ನಿಮ್ಮ ಅಳಿಯ
ಗುರುನಾಥ


ರಾಮದುರ್ಗ
20 ಅಕ್ಟೋಬರ್ 2024

ಪೂನಮ್‌ಗೆ ಆಶೀರ್ವಾದ.

ಅಳಿಯಂದಿರ ಕಾಗದ ಬಂತು. ಬರಬೇಕೆಂದು ಜೀವ ತುಡಿಯುತ್ತದೆ. ಆದರೆ ಇಲ್ಲಿ ಇಬ್ಬರು ಆಯಾಗಳು ಬಿಟ್ಟುಹೋಗಿದ್ದಾರೆ, ನಾನೂ ಬಂದರೆ ಡಾಕ್ಟರು ನನ್ನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ಅದೂ ಅಲ್ಲದೆ ಬೀಗತಿ ಬಿಟ್ಟುಹೋದ ಮನೆಗೆ ನಾನು ಬಂದು ಕುಳಿತರೆ ನಿಮ್ಮೂರಿನವರು ಏನೆನ್ನುತ್ತಾರೆ, ನೀನೇ ಹೇಳು.

ಗಟ್ಟಿಯಾಗಿರು. ಅವಳು ಮನೆಯಲ್ಲಿ ಇಲ್ಲವಲ್ಲ, ಇನ್ನು ಪಾದ ಸರಿಹೋಗುತ್ತದೆ.

ಭಾಗೀರಥಿ


ದೊಡವಾಡ
8 ನವೆಂಬರ್ 2024

ಅವ್ವಾ,

ನೀನು ಬರಲಿಲ್ಲವೆಂದು ನನಗೆ ಸಿಟ್ಟಿಲ್ಲ. ಈ ಕಾಗದವನ್ನು ನಿಧಾನವಾಗಿ ಓದು.

ಬುಧವಾರ ಪ್ಲಾಸ್ಟರ್ ತೆಗೆದರು. ಪಾದ ನೆಟ್ಟಗಾಗಿದೆ. ಮತ್ತೆ ಬೂಟು ಹಾಕಬೇಕೆಂದು ಸ್ನೇಹಲ್ ಮೇಡಮ್ಮರ ಕೋಣೆಗೆ ಕಳಿಸಿದರು. ಈ ಸಲ ಬೂಟನ್ನು ನಾನೇ ಚೀಲದಲ್ಲಿಟ್ಟಿದ್ದೆ. ಇವರೂ ರಜೆ ಹಾಕಿ ಬಂದಿದ್ದರು. ಮೇಡಂ ಬಾಳುವನ್ನು ಮಾತಾಡಿಸುತ್ತ ಬೂಟನ್ನು ಮೇಜಿನ ಮೇಲಿಟ್ಟರು. ಬೂಟನ್ನು ತಿರುಗಿಸಿ, ಮೂತಿ ಆಚೆ ಮಾಡಿ ನೋಡಿದರು. ಮತ್ತೆ ಈಚೆ ಮಾಡಿದರು. ಎದ್ದು ಬಾಗಿಲು ಹಾಕಿ ಬಂದರು.

"ಇದರ ಸ್ಕ್ರೂ ಮನ್ಯಾಗ ಯಾರರೆ ಬಿಚ್ಚೀರೇನು?" ಎಂದರು ನಮ್ಮಿಬ್ಬರನ್ನೂ ನೋಡುತ್ತ. ಈಗ ನಮ್ಮ ಮೇಲೆ ಅನುಮಾನ.

"ಇಲ್ರಿ. ಅದನ್ನ ತಿರುವೂ ಪಾನಾನ ನಮ್ಮ ಹಂತ್ಯಾಕ ಇಲ್ಲ" ಎಂದರು ಇವರು.

ಮೇಡಂ ಬೂಟನ್ನು ಬೆಳಕಿಗೆ ಹಿಡಿದರು. ಸ್ಕ್ರೂ ಬಿಗಿದ ಮೇಲೆ ಅದರ ತಲೆಯ ಮೇಲೆ ಕೆಂಪು ಬಣ್ಣದ ಒಂದು ಹನಿ ಬಿಡುವುದು ಅವರ ರೂಢಿಯಂತೆ. ಯಾರಾದರೂ ತಿರುಗಿಸಿದರೆ ಆ ಹನಿ ಒಡೆಯುತ್ತದೆ. ಅದು ಒಡೆದಿರಲಿಲ್ಲ. ಅವರು ಬೂಟನ್ನು ಕೆಳಗಿಟ್ಟರು. ಆಮೇಲೆ ನೇರವಾಗಿ ಹೇಳಿದರು.

"ಹಂಗಾರ ಇದು ನನ್ನ ಕೈಯಿಂದನ ಆಗಿದ್ದು. ಎಡಗಾಲು ಸೊಟ್ಟ ಇದ್ದದ್ದಕ್ಕ ಎಡ ಬೂಟು ಭಾಳ ಹೊರಗ ತಿರುಗಿರಬೇಕು, ಬಲದ್ದು ಸ್ವಲ್ಪ. ನಾ ಉಲ್ಟಾ ಬಿಗಿದೇನಿ. ಶಿಬಿರದಾಗ ಗದ್ದಲಿತ್ತು, ಬೂಟಿನ ಮೂತಿ ನನ್ನ ಕಡೆ ಮಾಡಿ ಹಿಡಕೊಂಡು ಬಿಗಿದಿರಬೇಕು. ಎಡ ಬಲ ಆತು, ಬಲ ಎಡ ಆತು. ಆಮ್ಯಾಲ ತಿರುವಿ ನೋಡೂದು ನನ್ನ ಕೆಲಸ. ನೋಡ್ಲಿಲ್ಲ. ಹೋದ ಸಲ ಬೂಟು ನೋಡದನ ನಿಮ್ಮ ಮ್ಯಾಲ ಹಾಕಿದೆ. ತಪ್ಪು ನನ್ನದು."

ಅವರು ಅತ್ತಿದ್ದರೆ, ಕಾಲು ಹಿಡಿಯಲು ಬಂದಿದ್ದರೆ ನನಗೆ ಬೈಯುವುದು ಸುಲಭವಾಗುತ್ತಿತ್ತು. ಅವರು ಹಾಗೇನೂ ಮಾಡಲಿಲ್ಲ. ಆ ದಿನ ಶಿಬಿರದಲ್ಲಿ ಬೂಟು ಪಡೆದ ಎಲ್ಲ ಮಕ್ಕಳನ್ನೂ ಕರೆಸಿ ನೋಡುತ್ತೇನೆ ಎಂದರು. ನಮ್ಮೆದುರೇ ದೊಡ್ಡ ಡಾಕ್ಟರರಿಗೆ ಫೋನ್ ಮಾಡಿ ಇದೇ ಮಾತನ್ನು ಇನ್ನೊಮ್ಮೆ ಹೇಳಿದರು.

"ಹಾಕಿದ್ರೂ ಅಷ್ಟ, ಬಿಟ್ಟಿದ್ರೂ ಅಷ್ಟ ಆಗತಿತ್ತೇನ್ರಿ?" ಎಂದು ಕೇಳಿದೆ.

"ಪಾದ ತಿರುಗೂದು ಅಷ್ಟನ. ಆದ್ರ ಹಾಕಿದಾಗ ನೋವು ಆಗಿರತೈತಿ. ಹಿಮ್ಮಡ ಕೆಂಪ ಆಗತಿತ್ತೇನು?"

ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಗಡಿಬಿಡಿಯಲ್ಲಿ ಬೂಟು ಬಿಚ್ಚಿ ಅವನನ್ನು ಅತ್ತೆಯವರ ಕೈಗೆ ಕೊಟ್ಟು ಬಸ್ಸಿಗೆ ಓಡುತ್ತಿದ್ದೆ. ಅವನ ಹಿಮ್ಮಡಿಯ ಬಣ್ಣ ಗೊತ್ತಿದ್ದವರು ಒಬ್ಬರೇ.

ಅವ್ವಾ, ಆ ಬೂಟನ್ನು ಪ್ರತಿ ರಾತ್ರಿ ಅವನಿಗೆ ಹಾಕಿದವಳು ನಾನು. ಅವನು ಅಳುತ್ತಿದ್ದರೂ ಪಟ್ಟಿಯನ್ನು ಇನ್ನೊಂದು ತೂತು ಬಿಗಿದವಳು ನಾನು.

ಮೇಡಂ ಕೊನೆಯಲ್ಲಿ, "ಅಜ್ಜಿ ಬಂದಿಲ್ಲೇನು? ಅವರ ಮುಂದ ನಾ ಮಾತಾಡಬೇಕಿತ್ತು" ಎಂದರು. ಇವರು ಕಿಟಕಿಯ ಕಡೆ ಮುಖ ತಿರುಗಿಸಿದರು.

ಪೂನಮ್


ರಾಮದುರ್ಗ
16 ನವೆಂಬರ್ 2024

ಮಗಳೇ,

ಕಾಗದ ಓದಿದೆ. ನೀನು ಎಲ್ಲರನ್ನೂ ಬೇಗ ನಂಬುತ್ತೀ. ಆ ಮೇಡಂ ಇಂದು ತನ್ನ ತಪ್ಪು ಎಂದಳು. ನಾಳೆ ಪಾದ ಮತ್ತೆ ತಿರುಗಿದರೆ ಯಾರ ತಪ್ಪು ಎನ್ನುತ್ತಾಳೋ ನೋಡು. ಇನ್ನು ಮುಂದೆ ಪ್ರತಿ ಸ್ಕ್ರೂ ನಿನ್ನ ಕಣ್ಣೆದುರೇ ಬಿಗಿಯಲಿ.

ಬೂಟಿನ ತಪ್ಪು ಇರಬಹುದು. ಆದರೆ ಕೃಷ್ಣವ್ವ ಬೂಟು ತೆಗೆದದ್ದೂ ನಿಜ, ದಿನಾ ಹಾಕುತ್ತೇನೆಂದು ಸುಳ್ಳು ಹೇಳಿದ್ದೂ ನಿಜ. ಬೂಟು ಸರಿಯಿದ್ದಿದ್ದರೂ ಅವಳು ತೆಗೆಯುತ್ತಿದ್ದಳೋ ಇಲ್ಲವೋ ನಿನಗೇನು ಗೊತ್ತು? ನೀನಾಗಿ ಹೋಗಿ ಕರೆಯಬೇಡ. ಒಂದು ಸಲ ಬಾಗಿದ ಸೊಸೆ ಸಾಯುವ ತನಕ ಬಾಗಿಯೇ ಇರಬೇಕಾಗುತ್ತದೆ. ಬೇಕೆನಿಸಿದಾಗ ಅವಳೇ ಬರುತ್ತಾಳೆ.

ಒಂದು ಮಾತು. ದಾರ ಕಟ್ಟು ಎಂದದ್ದು ನಾನೆಂದು ಅಳಿಯಂದಿರಿಗೆ ಹೇಳಿದ್ದೀಯಾ?

ಭಾಗೀರಥಿ


ದೊಡವಾಡ
3 ಡಿಸೆಂಬರ್ 2024

ಅವ್ವಾ,

ಹೇಳಿಲ್ಲ. ದಾರ ಕಟ್ಟು ಎಂದವಳು ನೀನಿರಬಹುದು, ಕಟ್ಟಿದ ಕೈ ನನ್ನದು.

ನವೆಂಬರ್ 24ರ ಭಾನುವಾರ ಬಾಳುವನ್ನು ಎತ್ತಿಕೊಂಡು ಸವದತ್ತಿಗೆ ಹೋದೆ. ಇವರು ಜೊತೆಗೆ ಬರುತ್ತೇನೆಂದರು, ನಾನೇ ಬೇಡವೆಂದೆ. ಮಹಾನಂದಾ ಚಿಗವ್ವನದು ಹಿಟ್ಟಿನ ಗಿರಣಿ. ಅತ್ತೆಯವರು ಗಿರಣಿಯ ಬಾಯಿಗೆ ಗೋಧಿ ಸುರಿಯುತ್ತ ನಿಂತಿದ್ದರು. ಹುಬ್ಬು, ರೆಪ್ಪೆ ಎಲ್ಲ ಹಿಟ್ಟಿನಿಂದ ಬೆಳ್ಳಗಾಗಿ, ನನಗೆ ಒಮ್ಮೆಲೆ ಗುರುತೇ ಸಿಗಲಿಲ್ಲ. ಬಾಳುವಿಗೆ ಸಿಕ್ಕಿತು. ನನ್ನ ಕಂಕುಳಿನಿಂದ ಆಚೆಗೆ ಪೂರ್ತಿ ಬಾಗಿಬಿಟ್ಟ. ಅವರು ಮೊದಲು ಕೈ ತೊಳೆದು ಬಂದರು. ಅವನನ್ನು ಈಸಿಕೊಂಡು ಎಡಪಾದವನ್ನು ನೋಡಿದರು, ಹಿಮ್ಮಡಿಯನ್ನು ಬೆರಳಿನಿಂದ ಒತ್ತಿ ನೋಡಿದರು. ನನ್ನನ್ನು ಆಮೇಲೆ ನೋಡಿದರು.

"ಚಾ ಕುಡಿ" ಎಂದರು.

ಗಿರಣಿ ನಿಂತ ಮೇಲೆ ಮೇಡಂ ಹೇಳಿದ್ದನ್ನೆಲ್ಲ ಹೇಳಿದೆ. ಆಶ್ಚರ್ಯಪಡುತ್ತಾರೆ ಅಂದುಕೊಂಡಿದ್ದೆ. ಪಡಲಿಲ್ಲ. "ಏನರೆ ಇರಬೇಕಂತ ಗೊತ್ತಿತ್ತು. ಹಟಕ್ಕ ಅಳೂ ಕೂಸು ಬ್ಯಾರೆ, ನೋವಿಗೆ ಅಳೂ ಕೂಸು ಬ್ಯಾರೆ" ಎಂದರು.

"ಮತ್ತ ಯಾಕ ಹೇಳಲಿಲ್ರಿ?"

"ಹೇಳಾಕ ಬಂದ್ನೆಲ್ಲ. ಮೇಡಮ್ಮಾರಕಿಂತ ಹೆಚ್ಚಿಗಿ ತಿಳಿತೈತೇನು ಅಂದಿ. ನನಗ ತಿಳಿಯೂದಿಲ್ಲ, ಅದೂ ಖರೇನ. ನೀ ಬಿಗಿ ಅಂದಿ, ನಾ ಬಿಗದೆ. ಹಿಮ್ಮಡ ಕೆಂಪ ಆದ ದಿನಾ ತಗದು, ಎಣ್ಣಿ ಹಚ್ಚಿ, ಜರಾ ಹೊತ್ತು ಬಿಟ್ಟು ಮತ್ತ ಹಾಕಿದೆ. ಆ ಮೇಡಮ್ಮ ದಿನಾ ಹಾಕ್ತೀರೇನು ಅಂದ್ಳು. ಹಾಕ್ತಿದ್ದೆ. ತಗೀತಿದ್ದೆ ಅಂತ ಹೇಳಲಿಲ್ಲ. ನೀ ಬಾಜೂಕ ಕುಂತಿದ್ದಿ."

ನೀನು ಕೇಳಿದ್ದ ಪ್ರಶ್ನೆ ನನ್ನ ಬಾಯಿಗೆ ಬಂದಿತ್ತು, ಬೂಟು ಸರಿಯಿದ್ದಿದ್ದರೂ ತೆಗೆಯುತ್ತಿದ್ದಿರಾ ಎಂದು. ನುಂಗಿಕೊಂಡೆ. ಅದಕ್ಕೆ ಉತ್ತರ ಅವರಿಗೂ ಗೊತ್ತಿರಲಿಕ್ಕಿಲ್ಲ.

"ನನ್ನದು ತಪ್ಪಾತ್ರಿ. ಮನಿಗೆ ಬರ್ರಿ" ಎಂದೆ. ಅವರು ಬಹಳ ಹೊತ್ತು ಬಾಳುವಿನ ತಲೆಗೆ ಹತ್ತಿದ ಹಿಟ್ಟು ಒರೆಸುತ್ತ ಕುಳಿತರು. ಕೊನೆಗೆ, "ಬರ್ತೇನಿ. ಕೂಸು ನನ್ನ ಬಿಟ್ಟಿರೂದಿಲ್ಲ, ನನಗೂ ಆಗವಲ್ದು. ಆದ್ರ ಇನ್ನ ಮ್ಯಾಗ ಆ ಬೂಟು ನಾ ಮುಟ್ಟಾಂಗಿಲ್ಲ. ಅದು ನಿನ್ನ ಕೆಲಸ" ಎಂದರು. ಒಪ್ಪಿಕೊಂಡೆ. ಒಪ್ಪದೆ ಬೇರೆ ದಾರಿ ಇರಲಿಲ್ಲ.

ಮನೆಗೆ ಬಂದ ಮೇಲೆ ಅವರು ಹೇಳಿದಂತೆಯೇ ನಡೆದುಕೊಂಡರು. ಎಮ್ಮೆ, ಹಾಲು, ರೊಟ್ಟಿ, ಬಾಳುವಿನ ಸ್ನಾನ ಎಲ್ಲ ಮೊದಲಿನ ಹಾಗೆ. ಆದರೆ ನಾನು ಬೂಟು ತಂದೊಡನೆ ಕೂಸನ್ನು ಕೆಳಗಿಳಿಸಿ ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಬೂಟು ಹಾಕಿಕೊಂಡು ಅವನು ಅಜ್ಜಿಯ ಕಡೆ ಕೈ ಚಾಚಿದರೆ, "ಮೊದಲ ನಿಮ್ಮವ್ವನ್ನ ಕೇಳು" ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು. ಆ ನಗು ನನಗೆ ಬೈಗುಳಕ್ಕಿಂತ ಕಷ್ಟವಾಗುತ್ತಿತ್ತು.

ಜನವರಿಯಿಂದ ಶಾಲೆಯಲ್ಲಿ ಒಂದು ಜಾಗ ತೆರವಾಗುತ್ತದಂತೆ, ಹೆಡ್ ಮಾಸ್ತರರು ಹೇಳಿ ಕಳಿಸಿದ್ದಾರೆ. ಹೋಗಬೇಕೆಂದರೆ ಮಧ್ಯಾಹ್ನದ ಬೂಟು ಯಾರಾದರೂ ಹಾಕಬೇಕು. ಆದರೆ ನಿನ್ನೆ ನಾನು ಮಾಡಿದ್ದು ಅದಕ್ಕಾಗಿ ಅಲ್ಲ. ಬಾಳುವಿಗೆ ಉಣಿಸಿದ ಮೇಲೆ ಬೂಟನ್ನು ತಂದು ಅತ್ತೆಯವರ ಮಡಿಲಲ್ಲಿಟ್ಟೆ.

"ಇವತ್ತ ನೀವ ಹಾಕ್ರಿ. ನನಗ ಒಳಗ ಕೆಲಸ ಐತಿ."

"ಒಲ್ಲೆವಾ."

"ನಾ ಕೇಳಾಕ ಹತ್ತೀನ್ರಿ."

ಅವರು ಬೂಟನ್ನು ನೋಡಿದರು. ನಾನು ಅಡುಗೆಮನೆಗೆ ಹೋಗಿ, ತೊಳೆದಿಟ್ಟಿದ್ದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದೆ. ಆ ಕಡೆ ಪಟ್ಟಿ ಎಳೆಯುವ ಸದ್ದು. ಬಾಳು ಏನೋ ಗುನುಗುತ್ತಿದ್ದ. ಆಮೇಲೆ ಸದ್ದು ನಿಂತಿತು.

ತಿರುಗಿ ನೋಡಲಿಲ್ಲ ಎಂದು ನಿನಗೆ ಬರೆಯಬೇಕೆಂದು ಬಹಳ ಆಸೆ ಇತ್ತು, ಅವ್ವಾ. ನೋಡಿದೆ. ಕೈಯಲ್ಲಿ ಪಾತ್ರೆ ಹಿಡಿದುಕೊಂಡೇ ತಗಡಿನ ಸಂದಿಯಿಂದ ಬಗ್ಗಿ ನೋಡಿದೆ. ಇಷ್ಟೆಲ್ಲ ಆದ ಮೇಲೂ.

ಅವರು ಹಿಮ್ಮಡಿ ಒಳಗೆ ಸರಿಯಾಗಿ ಕುಳಿತಿದೆಯೋ ಎಂದು ಬೂಟಿನ ಹಿಂದಿನ ತೂತಿನಿಂದ ನೋಡುತ್ತಿದ್ದರು. ತಲೆ ಎತ್ತಲಿಲ್ಲ. ಎತ್ತದೆಯೇ, "ಅಲ್ಲಿಂದ ಏನ ಕಾಣತೈತಿ?" ಎಂದರು. ನನ್ನ ಮುಖ ಕಾದುಹೋಯಿತು. ಓಡಿಹೋಗುವ ಜಾಗವೂ ಇರಲಿಲ್ಲ.

"ಬಾ. ಇಲ್ಲಿ ಮುಂದ ಕುಂತು ನೋಡು. ನೀ ಒಂದು ಹಾಕು, ನಾ ಒಂದು ಹಾಕ್ತೇನಿ. ನಿನ್ನದು ನಾ ನೋಡ್ತೇನಿ, ನನ್ನದು ನೀ ನೋಡು."

ಕೈ ಒರೆಸಿಕೊಂಡು ಹೋಗಿ ಕುಳಿತೆ. ಬಲಗಾಲನ್ನು ನನ್ನ ಕಡೆ ಸರಿಸಿದರು. ಎಡಗಾಲನ್ನು ತಾವೇ ಇಟ್ಟುಕೊಂಡರು.

ನಿನ್ನ
ಪೂನಮ್